ಒಂದು ಗುಂಟೆಯಲ್ಲಿ ಎಷ್ಟು ದಿನದ ಮುದ್ದೆ?

ಈ ಸಲ ಬಂದ ಪ್ರಶ್ನೆಗಳಲ್ಲಿ ಜಾಸ್ತಿ ಇದ್ದದ್ದು ಒಂದೇ ವಿಷಯ: ಊಟಕ್ಕೆ ಬೇಕಾದ್ದನ್ನು ನಾವೇ ಬೆಳೆದುಕೊಳ್ಳಬಹುದಾ, ಹೊಲದ ಬದು, ಕಾಡು ಅಂತ ಸುತ್ತಿ ಕಿತ್ತು ತರಬಹುದಾ. ಅದರಲ್ಲಿ ನಾಲ್ಕಕ್ಕೆ ಇಲ್ಲಿ ಉತ್ತರಿಸಿದ್ದೇನೆ.

ಪ್ರಶ್ನೆ: ತುಮಕೂರಿನ ಹೊರಗಡೆ ನಮ್ಮ ಮನೆ ಪಕ್ಕದಲ್ಲೇ 30×40 ಸೈಟ್ ಖಾಲಿ ಇದೆ. ಈಗಷ್ಟೇ ರಿಟೈರ್ ಆಗಿದ್ದೇನೆ, ಮನೆಯಲ್ಲಿ ನಾಲ್ಕು ಜನ. ರಾಗಿ, ಬೇಳೆ, ತರಕಾರಿ ಎಲ್ಲ ಬೆಳೆದು ಅಂಗಡಿಗೆ ಹೋಗುವುದನ್ನೇ ನಿಲ್ಲಿಸಬೇಕು ಅಂತ ಆಸೆ. ಎಲ್ಲಿಂದ ಶುರು ಮಾಡಲಿ ಸರ್?

ಉತ್ತರ: ಲೆಕ್ಕದಿಂದ ಶುರು ಮಾಡಿ. ನಿಮ್ಮ ಸೈಟು 1,200 ಚದರಡಿ. ಗುಂಟೆ ಅಂದರೆ 1,089 ಚದರಡಿ. ಅಲ್ಲಿಗೆ ನಿಮ್ಮ ಹತ್ತಿರ ಇರುವುದು ಒಂದು ಗುಂಟೆ, ಮೇಲೊಂದು ಚೂರು. ಮಳೆ ಚೆನ್ನಾಗಿ ಹಿಡಿದ ವರ್ಷ ಎಕರೆಗೆ 10 ಕ್ವಿಂಟಾಲ್ ರಾಗಿ ಅಂತಲೇ ಇಟ್ಟುಕೊಳ್ಳೋಣ. ನಲವತ್ತು ಗುಂಟೆಗೆ ಹಂಚಿದರೆ ಗುಂಟೆಗೆ ಬರುವುದು 25 ಕೆ.ಜಿ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2024ರಲ್ಲಿ ಹೊರಡಿಸಿದ ಆಹಾರ ಮಾರ್ಗಸೂಚಿಯಲ್ಲಿ ಒಬ್ಬರಿಗೆ ದಿನಕ್ಕೆ ಸುಮಾರು 250 ಗ್ರಾಂ ಧಾನ್ಯ ಅಂತ ಇದೆ. ನಾಲ್ಕು ಜನಕ್ಕೆ ಒಂದು ಕೆ.ಜಿ. ಉತ್ತು, ಬಿತ್ತು, ಹಕ್ಕಿ ಓಡಿಸಿ, ಕೊಯ್ದು, ಬಡಿದು, ತೂರಿ ಕೊನೆಗೆ ಸಿಗುವುದು ಇಪ್ಪತ್ತೈದು ದಿನದ ಮುದ್ದೆ. ರಾಗಿಯನ್ನು ಕೊಂಡು ತನ್ನಿ, ಬೇಳೆಯನ್ನೂ.

ಅದೇ ಜಾಗವನ್ನು ಸೊಪ್ಪಿಗೆ ಬಿಟ್ಟರೆ ಕಥೆಯೇ ಬೇರೆ. ಅದೇ ಮಾರ್ಗಸೂಚಿ ಹೇಳುವ ಸೊಪ್ಪು ಒಬ್ಬರಿಗೆ ದಿನಕ್ಕೆ 100 ಗ್ರಾಂ. ಮನೆಗೆಲ್ಲ ಸೇರಿ ವರ್ಷಕ್ಕೆ ಸುಮಾರು 146 ಕೆ.ಜಿ. ಆಯಿತು. ನೀರಿದ್ದರೆ ಒಂದು ಗುಂಟೆ ಇಷ್ಟನ್ನು ಕೊಟ್ಟು, ಅಕ್ಕಪಕ್ಕದವರಿಗೂ ಕೊಡುತ್ತದೆ.

ಮೊದಲ ವರ್ಷ ಟೊಮೆಟೊ, ಕ್ಯಾಪ್ಸಿಕಂ ಅಂತ ಹೋಗಬೇಡಿ. ಒಮ್ಮೆ ನೆಟ್ಟರೆ ವರ್ಷಗಟ್ಟಲೆ ಕೊಡುವವನ್ನು ಹಾಕಿ. ಒಂದು ಕರಿಬೇವು, ಒಂದು ನಿಂಬೆ, ಬೇಲಿ ಸಾಲಿಗೆ ಚಕ್ರಮುನಿ, ಚಪ್ಪರ ಹಾಕಿ ಒಂದು ಕಡೆ ತೊಂಡೆ ಇನ್ನೊಂದು ಕಡೆ ಬಸಳೆ, ಬಚ್ಚಲ ನೀರು ಹೋಗುವ ಕಡೆ ಎರಡು ಬಾಳೆ. ನುಗ್ಗೆ ಒಂದಿರಲಿ. ಬಾಗಲಕೋಟೆ ತೋಟಗಾರಿಕಾ ವಿಶ್ವವಿದ್ಯಾಲಯದ ‘ಭಾಗ್ಯ’ ತಳಿ ಗಿಡ್ಡಕ್ಕೇ ಇರುತ್ತದೆ, ಸೈಟಿಗೆ ಸರಿಹೋಗುತ್ತದೆ. ಹರಿವೆ, ಬೆಂಡೆ, ಅವರೆಯ ಬೀಜ ಮನೆಯಲ್ಲೇ ಎತ್ತಿಟ್ಟುಕೊಳ್ಳಬಹುದು. ಟೊಮೆಟೊ ಬೇಕೇಬೇಕು ಅಂದರೆ ಒಂದು ಮಾತು ನೆನಪಿರಲಿ: ಅರ್ಕಾ ರಕ್ಷಕ್‌ನಂಥ ಹೈಬ್ರಿಡ್ ತಳಿ ಚೆನ್ನಾಗಿಯೇ ಬರುತ್ತದೆ, ಆದರೆ ಅದರ ಬೀಜ ತೆಗೆದಿಟ್ಟು ಬಿತ್ತಿದರೆ ಅಮ್ಮನ ಹಾಗೆ ಮಗಳು ಇರುವುದಿಲ್ಲ, ಪ್ರತಿ ಸಲ ಬೀಜಕ್ಕೆ ದುಡ್ಡು ಕೊಡಬೇಕು.

ಇನ್ನೊಂದು ಸಂಗತಿ, ಇದು ನನ್ನದೇ ಪೆದ್ದುತನ. ನಾನು ಹಿತ್ತಲು ಶುರು ಮಾಡಿದ ವರ್ಷ ನಲವತ್ತು ಟೊಮೆಟೊ ಸಸಿ ನೆಟ್ಟಿದ್ದೆ. ಎಲೆಮುದುರು ರೋಗ ಬಂದು ಮುಕ್ಕಾಲು ಪಾಲು ಹೋಯಿತು. ಉಳಿದದ್ದನ್ನಾದರೂ ನೋಡಿಕೊಳ್ಳೋಣ ಅಂತ ಕಳೆ ತೆಗೆಯಲು ಒಬ್ಬ ಅಕ್ಕನನ್ನು ಕರೆದೆ. ಆಕೆ ಕಿತ್ತ ಕಳೆಯನ್ನು ಎರಡು ಗುಡ್ಡೆ ಮಾಡುತ್ತಿದ್ದರು. ಸಂಜೆ ಒಂದು ಗುಡ್ಡೆಯನ್ನು ಸೆರಗಿಗೆ ಕಟ್ಟಿಕೊಂಡರು. “ದನಕ್ಕಾ ಅಕ್ಕಾ?” ಅಂದೆ. “ದನಕ್ಯಾಕಣ್ಣ, ಸಾರಿಗೆ. ಇಂಥ ಸೊಪ್ಪು ಸಂತೇಲಿ ಎಲ್ಲಿ ಸಿಕ್ತದೆ?” ಅಂದರು. ನಾನು ದುಡ್ಡು ಕೊಟ್ಟು ಊಟವನ್ನು ಆಚೆ ಹಾಕಿಸುತ್ತಿದ್ದೆ, ನೋಡಿ! ಹಾಗಾಗಿ ನಿಮ್ಮ ಸೈಟಿನಲ್ಲಿ ಮೊದಲ ಮಳೆಗೆ ಏನೇನು ತಾನಾಗೇ ಹುಟ್ಟುತ್ತದೆ ಅಂತ ಒಂದು ತಿಂಗಳು ಸುಮ್ನೆ ನೋಡಿ, ಗೊತ್ತಿದ್ದವರಿಗೆ ತೋರಿಸಿ. ಆಮೇಲೆ ಗುದ್ದಲಿ ಹಿಡಿಯಿರಿ.

ಪ್ರಶ್ನೆ: ನಮ್ಮದು ಹೊಸಕೋಟೆ ಹತ್ತಿರ ಹಳ್ಳಿ. ನಮ್ಮತ್ತೆ ಹೊಲದ ಕಡೆ ಹೋದರೆ ಬೆರಕೆ ಸೊಪ್ಪು ಕಿತ್ತು ತರುತ್ತಿದ್ದರು. ಅವರು ತೀರಿಕೊಂಡ ಮೇಲೆ ಮನೆಯಲ್ಲಿ ಯಾರಿಗೂ ಗೊತ್ತಿಲ್ಲ. ಈಗ ಕಲಿಯಬಹುದಾ? ವಿಷದ ಸೊಪ್ಪು ಸೇರಿದರೆ ಅಂತ ಭಯ.

ಉತ್ತರ: ಖಂಡಿತ ಕಲಿಯಬಹುದು, ಭಯವೂ ಇರಲಿ. ಇಪ್ಪತ್ತು ಸೊಪ್ಪು ಒಟ್ಟಿಗೆ ಕಲಿಯಲು ಹೋಗಬೇಡಿ. ಈ ಮಳೆಗಾಲಕ್ಕೆ ನಾಲ್ಕು ಸಾಕು: ಅಣ್ಣೆ, ಹೊನಗೊನ್ನೆ, ಗೋಣಿ, ಗಣಿಕೆ. ಊರಲ್ಲಿ ಇವನ್ನು ಬಲ್ಲ ಒಬ್ಬ ಅಜ್ಜಿಯಾದರೂ ಇರುತ್ತಾರೆ, ಅವರ ಹಿಂದೆ ಎರಡು ದಿನ ಓಡಾಡಿ. ಮೊಬೈಲಿನಲ್ಲಿ ಫೋಟೋ ನೋಡಿ ಕೀಳುವುದು ಬೇಡ.

ಗೋಣಿ ಸೊಪ್ಪಿನ ಎಲೆ ದಪ್ಪ, ಕಾಂಡ ನುಣ್ಣಗೆ ಕೆಂಪಗೆ, ಮುರಿದರೆ ನೀರು ಒಸರುತ್ತದೆ. ಹಾಗೆಯೇ ನೆಲಕ್ಕಂಟಿ ಹರಡುವ ಬೇರೆ ಸಣ್ಣ ಗಿಡಗಳಿವೆ, ಮುರಿದರೆ ಬಿಳಿ ಹಾಲು ಬರುತ್ತದೆ. ಹಾಲು ಬಂದರೆ ಅಲ್ಲೇ ಬಿಡಿ. ಗಣಿಕೆಯಲ್ಲಿ ಎಳೆ ಕುಡಿ ಮಾತ್ರ, ಬೇಯಿಸಿಯೇ ತಿನ್ನಬೇಕು. ಕಾಯಿ ಹಸಿರಿದ್ದಾಗ ಬೇಡವೇ ಬೇಡ. ನಿಜವಾದ ಅಪಾಯ ದತ್ತೂರಿ ಸಸಿಯದ್ದು. ಬಿಳಿ ತುತ್ತೂರಿ ಹೂವು, ಮುಳ್ಳುಕಾಯಿ ಬಿಟ್ಟ ಮೇಲೆ ಅದನ್ನು ಯಾರಾದರೂ ಗುರುತಿಸುತ್ತಾರೆ. ಆದರೆ ಗೇಣುದ್ದ ಇದ್ದಾಗ ಸೊಪ್ಪಿನ ನಡುವೆ ಸೇರಿ ಬಂದುಬಿಡುತ್ತದೆ. ಎಲೆ ಉಜ್ಜಿದರೆ ಕೆಟ್ಟ ವಾಸನೆ. ತಿಂದವರಿಗೆ ಬಾಯಿ ಒಣಗಿ, ಕಣ್ಣಿನ ಪಾಪೆ ಹಿಗ್ಗಿ, ಬಡಬಡಿಸಲು ಶುರುವಾಗುತ್ತದೆ. ಆಗ ಮನೆಮದ್ದು ಮಾಡುತ್ತ ಕೂರಬೇಡಿ, ಸೀದಾ ಆಸ್ಪತ್ರೆ. ಹಾಗಾಗಿ ಬಾಚಿ ಬಾಚಿ ಕೀಳಬೇಡಿ, ಒಂದೊಂದೇ ಕುಡಿ ಚಿವುಟಿ. ಮನೆಗೆ ಬಂದು ಸೋಸುವಾಗ ಮತ್ತೊಮ್ಮೆ ನೋಡಿ.

ಯಾವ ಸೊಪ್ಪು ಅನ್ನುವಷ್ಟೇ ಮುಖ್ಯ, ಎಲ್ಲಿಯ ಸೊಪ್ಪು ಅನ್ನುವುದು. ಚರಂಡಿ ನೀರು ಸೇರುವ ಕೆರೆಯ ಅಂಗಳದಲ್ಲಿ ಹೊನಗೊನ್ನೆ ಸೊಂಪಾಗಿ ಬೆಳೆಯುತ್ತದೆ, ಆಸೆ ಪಡಬೇಡಿ, ಆ ನೀರಿನಲ್ಲಿರುವ ಸೀಸದಂಥ ಲೋಹ ಎಲೆಗೂ ಏರುತ್ತದೆ, ಎಷ್ಟು ತೊಳೆದರೂ ಹೋಗುವುದಿಲ್ಲ. ಔಷಧಿ ಹೊಡೆಯುವ ತೋಟದ ಬದುವೂ ಬೇಡ. ಕಳೆನಾಶಕ ಹೊಡೆದ ಮೇಲೂ ಗಿಡ ಮೂರ್ನಾಲ್ಕು ದಿನ ಹಸಿರಾಗೇ ನಿಂತಿರುತ್ತದೆ, ನೋಡಿದರೆ ಗೊತ್ತಾಗುವುದಿಲ್ಲ. ಹೊಲದವರನ್ನು ಒಂದು ಮಾತು ಕೇಳಿ ಕೀಳಿ.

ಮನೆಯಲ್ಲಿ ಕಿಡ್ನಿ ಕಲ್ಲಿನವರಿದ್ದರೆ ಇದನ್ನೂ ಓದಿ. ಗೋಣಿ, ಹರಿವೆಯಂಥ ಸೊಪ್ಪುಗಳಲ್ಲಿ ಆಕ್ಸಲೇಟ್ ಜಾಸ್ತಿ. ಬೇಯಿಸಿ ಬಸಿದರೆ ಅದರಲ್ಲಿ ಒಂದಷ್ಟು ನೀರಿಗೆ ಹೋಗುತ್ತದೆ. ಆದರೆ ನಾವು ಆ ನೀರನ್ನೇ ಬಸ್ಸಾರು ಮಾಡಿ ಉಣ್ಣುವವರು! ಅಂಥವರಿಗೆ ಪಲ್ಯ ಒಂದಿಷ್ಟು ಬಡಿಸಿ, ಸಾರು ಬೇರೆಯವರು ಉಣ್ಣಲಿ.

ಪ್ರಶ್ನೆ: ಶಿರಸಿ ಕಡೆಯವರು ನಾವು. ಅಣಬೆ ಬೇಯಿಸುವಾಗ ಬೆಳ್ಳಿ ಚಮಚ ಹಾಕಿ, ಕಪ್ಪಾಗದಿದ್ದರೆ ತಿನ್ನಬಹುದು ಅಂತಾರೆ. ನಿಜವೇ?

ಉತ್ತರ: ಸುಳ್ಳು. ಬೆಳ್ಳುಳ್ಳಿ ಹಾಕಿ ನೋಡುವುದು, ಹುಳ ತಿಂದಿದೆ ಅಂತ ಧೈರ್ಯ ಮಾಡುವುದು, ಎಲ್ಲವೂ ಅಷ್ಟೇ. ಜೀವ ತೆಗೆಯುವ ಅಣಬೆಯ ವಿಷ ಬೇಯಿಸಿದರೂ ಒಣಗಿಸಿದರೂ ಹೋಗುವುದಿಲ್ಲ. ತಿಂದ ಆರು ಗಂಟೆವರೆಗೆ, ಕೆಲವೊಮ್ಮೆ ಇನ್ನೂ ಹೊತ್ತು ಏನೂ ಆಗುವುದಿಲ್ಲ. ಆಮೇಲೆ ವಾಂತಿ ಭೇದಿ. ಮಧ್ಯೆ ಒಂದು ದಿನ ಸುಧಾರಿಸಿದ ಹಾಗೆ ಅನ್ನಿಸುತ್ತದೆ, ಅಷ್ಟರಲ್ಲಿ ಲಿವರ್ ಕೆಡುತ್ತಿರುತ್ತದೆ. ಹುತ್ತದ ಅಣಬೆಯನ್ನು ಪ್ರತಿ ವರ್ಷ ಅದೇ ಜಾಗದಿಂದ ತಂದು ತಿನ್ನುವ ಮನೆಯವರ ಜೊತೆ ಹೋಗಿ ಕಲಿತರೆ ಸರಿ, ಇಲ್ಲದಿದ್ದರೆ ಬಿಟ್ಟುಬಿಡಿ. ಇದರಲ್ಲಿ ನಾನೂ ಧೈರ್ಯ ಮಾಡುವುದಿಲ್ಲ. ಅಣಬೆಯ ಆಸೆಗೆ ಚಿಪ್ಪಣಬೆ ಬೆಳೆಸಿ. ಭತ್ತದ ಹುಲ್ಲನ್ನು ತುಂಡು ಮಾಡಿ ನೆನೆಸಿ, ಕುದಿಸಿ, ನೀರು ಬಸಿದು ಆರಿದ ಮೇಲೆ ಅಣಬೆ ಬೀಜದ ಜೊತೆ ಚೀಲಕ್ಕೆ ತುಂಬಿ ಕತ್ತಲ ಮೂಲೆಯಲ್ಲಿ ಇಡುವುದು. ಚೀಲವೆಲ್ಲ ಬೆಳ್ಳಗಾದ ಮೇಲೆ ಸ್ವಲ್ಪ ಬೆಳಕು, ಗಾಳಿ ಬೇಕು. ತಿಂಗಳೊಳಗೆ ಮೊದಲ ಕೊಯ್ಲು ಸಿಗುತ್ತದೆ.

ಪ್ರಶ್ನೆ: ಪಕ್ಕದ ಕಾಡಿನಿಂದ ಕಳಲೆ ಮುರಿದು ತಂದರೆ ತಪ್ಪಾ? ಎಷ್ಟು ದಿನ ನೆನೆಸಬೇಕು?

ಉತ್ತರ: ಮೀಸಲು ಅರಣ್ಯವಾದರೆ ತಪ್ಪೇ, 1963ರ ಕರ್ನಾಟಕ ಅರಣ್ಯ ಕಾಯ್ದೆಯಡಿ ಕೇಸು ಬೀಳುತ್ತದೆ. 2006ರ ಅರಣ್ಯ ಹಕ್ಕು ಕಾಯ್ದೆಯಲ್ಲಿ ಹಕ್ಕು ಸಿಕ್ಕ ಕಾಡುವಾಸಿಗಳ ಮಾತು ಬೇರೆ. ನಿಮ್ಮ ಬೇಲಿಯಲ್ಲೇ ಬಿದಿರು ಮೆಳೆ ಇದ್ದರೆ ತೊಂದರೆ ಇಲ್ಲ, ಆದರೆ ಒಂದು ಕಳಲೆ ಮುರಿದರೆ ಒಂದು ಬಿದಿರು ಹೋಯಿತು ಅಂತಲೇ ಲೆಕ್ಕ, ನಾಲ್ಕು ಎದ್ದರೆ ಒಂದು ತೆಗೆಯಿರಿ. ಹಸಿ ಕಳಲೆಯಲ್ಲಿ ಸೈನೈಡ್ ಬಿಡುವ ಅಂಶ ಇರುತ್ತದೆ. ಸಿಪ್ಪೆ ಸುಲಿದು, ತೆಳ್ಳಗೆ ಹೆಚ್ಚಿ, ಮೂರು ದಿನ ನೆನೆಸಿ, ದಿನಾ ನೀರು ಬದಲಿಸಿ. ಆಮೇಲೆ ಪಾತ್ರೆ ಮುಚ್ಚದೆ ಚೆನ್ನಾಗಿ ಕುದಿಸಿ, ಆ ನೀರನ್ನೂ ಚೆಲ್ಲಿ. ಇಲ್ಲಿ ಮಾತ್ರ ಬಸ್ಸಾರಿನ ಆಸೆ ಬೇಡ.