ಗುಡ್ಡ ಹತ್ತುವಾಗ ಮಾತ್ರ ಬೈಕ್ ಕುದಿಯುತ್ತದೆ, ಕೂಲೆಂಟ್ ಬದಲಿಸಿದರೂ ಸರಿಯಾಗಿಲ್ಲ. ಏನು ಮಾಡಬೇಕು?

ನೀವು ಬರೆದದ್ದರಲ್ಲೇ ಅರ್ಧ ಉತ್ತರ ಉಂಟು. ಪೆರ್ಲದಿಂದ ಹೊರಟು ಪೊಸಡಿಗುಂಪೆ ಕಡೆಯ ಕಚ್ಚಾ ಏರು ಹತ್ತುವಾಗ ಕಾಲು ಗಂಟೆಯಲ್ಲಿ ಟೆಂಪರೇಚರ್ ದೀಪ ಉರಿಯುತ್ತದೆ, ಓವರ್‌ಫ್ಲೋ ಪೈಪಿನಿಂದ ಕೂಲೆಂಟ್ (ಎಂಜಿನ್ ತಣಿಸುವ ದ್ರವ) ಉಕ್ಕುತ್ತದೆ ಅಂದಿರಿ. ಅದೇ ಬೈಕಿನಲ್ಲಿ ತಲಪಾಡಿಯಿಂದ ಕಾಸರಗೋಡಿಗೆ ಹೈವೇಯಲ್ಲಿ ಬಂದರೆ ಎಂತದ್ದೂ ಆಗುವುದಿಲ್ಲ ಅಂತಲೂ ಹೇಳಿದ್ದೀರಿ. ಎರಡು ಸಲ ಕೂಲೆಂಟ್ ಬದಲಿಸಿದ್ದಾಯಿತು, ಈಗ ಒಬ್ಬರು ಹೆಡ್ ಗ್ಯಾಸ್ಕೆಟ್ (ಎಂಜಿನ್ನಿನ ತಲೆಭಾಗದ ಸಂದು ಮುಚ್ಚುವ ಸೀಲ್) ಬಿಚ್ಚಬೇಕು ಅಂದಿದ್ದಾರೆ. ದಯವಿಟ್ಟು ಇಷ್ಟು ಬೇಗ ಎಂಜಿನ್ ಬಿಚ್ಚಿಸಬೇಡಿ.

ಹೈವೇಯಲ್ಲಿ 70-80ರ ವೇಗದಲ್ಲಿ ಹೋಗುವಾಗ ರೇಡಿಯೇಟರಿಗೆ ಗಾಳಿ ತಾನಾಗಿ ಬಡಿಯುತ್ತದೆ. ಗುಡ್ಡದ ಏರಿನಲ್ಲಿ ನಿಮ್ಮ ವೇಗ ಹತ್ತೋ ಹದಿನೈದೋ. ಅಲ್ಲಿ ಗಾಳಿ ಕೊಡಬೇಕಾದದ್ದು ಫ್ಯಾನ್ ಒಂದೇ. ವಾಟರ್ ಪಂಪ್ ಕೆಟ್ಟಿದ್ದರೆ, ರೇಡಿಯೇಟರಿನ ಒಳಗೆ ಕಟ್ಟಿಕೊಂಡಿದ್ದರೆ, ಬಿಸಿ ನೋಡಿ ಕೂಲೆಂಟಿನ ದಾರಿ ತೆರೆಯುವ ಥರ್ಮೋಸ್ಟಾಟ್ ಮುಚ್ಚಿಯೇ ಉಳಿದಿದ್ದರೆ ಹೈವೇಯಲ್ಲೂ ಬಿಸಿ ಏರುತ್ತಿತ್ತು. ನಿಧಾನ ಹೋಗುವಾಗ ಮಾತ್ರ ಕುದಿಯುವ ಬೈಕಿನಲ್ಲಿ ಮೊದಲು ನೋಡಬೇಕಾದದ್ದು ಗಾಳಿಯ ದಾರಿಯನ್ನು. ಕೂಲೆಂಟ್ ಎಷ್ಟು ಹೊಸತಾದರೂ ಬಿಸಿಯನ್ನು ರೇಡಿಯೇಟರಿನವರೆಗೆ ಹೊತ್ತು ತರುತ್ತದೆ, ಅಷ್ಟೆ. ಅಲ್ಲಿಂದ ಆಚೆಗೆ ಒಯ್ಯುವುದು ಗಾಳಿ.

ನಾನು ಬದಿಯಡ್ಕದ ಹತ್ತಿರದವ, ಅಡಿಕೆ ತೋಟ ಉಂಟು. ಲಿಕ್ವಿಡ್ ಕೂಲ್ಡ್ ಬೈಕನ್ನು ಗುಡ್ಡಕ್ಕೂ ತೋಟಕ್ಕೂ ಓಡಿಸುತ್ತೇನೆ. ಎರಡು ಮಳೆಗಾಲದ ಹಿಂದೆ ನನಗೂ ಇದೇ ಆಗಿತ್ತು. ನಾನೂ ಕೂಲೆಂಟ್ ಬದಲಿಸಿದೆ, ಥರ್ಮೋಸ್ಟಾಟ್ ಹೊಸತು ಹಾಕಿಸಿದೆ. ಕೊನೆಗೆ ರಾತ್ರಿ ಶೆಡ್ಡಿನಲ್ಲಿ ರೇಡಿಯೇಟರಿನ ಹಿಂದಿನಿಂದ ಟಾರ್ಚ್ ಹಿಡಿದು ಮುಂದಿನಿಂದ ನೋಡಿದಾಗ ಗೊತ್ತಾಯಿತು: ಕೆಳಗಿನ ಅರ್ಧದಲ್ಲಿ ಬೆಳಕೇ ಬರುತ್ತಿರಲಿಲ್ಲ. ಮುಂದಿನಿಂದ ಚೊಕ್ಕ ಕಾಣುತ್ತಿತ್ತು. ಹಿಂದೆ, ಫ್ಯಾನಿಗೂ ರೇಡಿಯೇಟರಿಗೂ ನಡುವಿನ ಸಂದಿನಲ್ಲಿ, ನಮ್ಮ ಕೆಂಪು ಮಣ್ಣು ಒಣಗಿ ಮುರಕಲ್ಲಿನ ಹಾಗೆ ಗಟ್ಟಿಯಾಗಿತ್ತು. ನೀವೂ ಇವತ್ತು ರಾತ್ರಿ ಈ ಟಾರ್ಚ್ ಪರೀಕ್ಷೆ ಮಾಡಿ. ಬೆಳಕು ದಾಟದ ಕಡೆ ಗಾಳಿಯೂ ದಾಟುವುದಿಲ್ಲ.

ಉಳಿದ ಅರ್ಧ ತಪ್ಪು ನಾನು ಬೈಕ್ ತೊಳೆಯುತ್ತಿದ್ದ ರೀತಿಯಲ್ಲಿತ್ತು. ನಮ್ಮ ಕಡೆ ಸುಮಾರು ಮನೆಗಳಲ್ಲಿ ಇದೇ ಅಭ್ಯಾಸ, ಅದಕ್ಕೇ ಬಿಡಿಸಿ ಬರೆಯುತ್ತೇನೆ. ಅಡಿಕೆಯ ಕೊಳೆರೋಗಕ್ಕೆ ಮದ್ದು ಬಿಡುವ ಪಂಪ್ ಮನೆಯಲ್ಲೇ ಇರುತ್ತದೆ, ಪ್ರೆಶರ್ ಚೆನ್ನಾಗಿ ಬರುತ್ತದೆ, ಬೈಕಿನ ಕೆಸರನ್ನು ಅದರಲ್ಲೇ ಹಾರಿಸಿಬಿಡುತ್ತೇವೆ. ಆ ಪ್ರೆಶರ್ ಅಡಿಕೆ ಮರದ ತುದಿಗೆ ಮದ್ದು ಮುಟ್ಟಿಸಲಿಕ್ಕೆ ಇರುವಂಥದ್ದು. ರೇಡಿಯೇಟರಿನ ಫಿನ್, ಅಂದರೆ ಗಾಳಿ ದಾಟುವ ಸಂದುಗಳ ತಗಡು, ಕಾಗದದಷ್ಟು ತೆಳು ಅಲ್ಯೂಮಿನಿಯಂ, ಒಂದೇ ಹೊಡೆತಕ್ಕೆ ಸಾಲಾಗಿ ಮಲಗಿಬಿಡುತ್ತದೆ. ಎರಡನೆಯದು, ಪಂಪಿನ ಪೈಪಿನಲ್ಲಿ ಉಳಿದ ಬೋರ್ಡೋ ದ್ರಾವಣ. ನೂರು ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತು, ಒಂದು ಕಿಲೋ ಸುಣ್ಣ ಹಾಕಿ ಮಾಡಿದ ಮದ್ದು ಅದು. ಮೈಲುತುತ್ತಿನಲ್ಲಿ ತಾಮ್ರ ಉಂಟು, ತಾಮ್ರ ಕೂತಲ್ಲಿ ಅಲ್ಯೂಮಿನಿಯಂ ಸಣ್ಣ ಸಣ್ಣ ಗುಳಿ ಬಿದ್ದು ಸವೆಯುತ್ತದೆ; ಸುಣ್ಣವೂ ಅಲ್ಯೂಮಿನಿಯಂಗೆ ಒಳ್ಳೆಯದಲ್ಲ. ಮದ್ದಿನ ಪಂಪನ್ನು ಬೈಕಿನ ಹತ್ತಿರಕ್ಕೇ ತರಬೇಡಿ.

ತೊಳೆಯುವ ಕ್ರಮ ಹೀಗೆ. ಪಕ್ಕದ ಪ್ಲಾಸ್ಟಿಕ್ ಬಿಚ್ಚಿ, ರೇಡಿಯೇಟರಿನ ಬೋಲ್ಟ್ ಸಡಿಲ ಮಾಡಿ, ಹೋಸ್ ಕಳಚದೆ ಮುಂದಕ್ಕೆ ಬಾಗಿಸಿ. ಒಣಗಿದ ಮಣ್ಣಿನ ಮೇಲೆ ಒದ್ದೆ ಗೋಣಿ ಹೊದೆಸಿ ಒಂದು ರಾತ್ರಿ ಬಿಡಿ. ಬೆಳಿಗ್ಗೆ ತೋಟದ ಸಾದಾ ಪೈಪಿನಲ್ಲಿ, ಬೆರಳು ಒತ್ತಿ ಜೋರು ಮಾಡದೆ, ಎಂಜಿನ್ ಕಡೆಯಿಂದ ಮುಂದಿನ ಚಕ್ರದ ಕಡೆಗೆ ನೀರು ಬಿಡಿ. ಮುಂದಿನಿಂದ ಬಿಟ್ಟರೆ ಮಣ್ಣು ಇನ್ನೂ ಒಳಗೆ ಹೋಗಿ ಕೂರುತ್ತದೆ. ಮಲಗಿದ ಫಿನ್‌ಗಳನ್ನು ಸ್ಕ್ರೂಡ್ರೈವರಿನಲ್ಲಿ ಎಬ್ಬಿಸಲು ಹೋದರೆ ಕೂಲೆಂಟ್ ಹರಿಯುವ ಟ್ಯೂಬ್ ತೂತಾಗುತ್ತದೆ. ಹಿಡಿಸೂಡಿಯ (ಪೊರಕೆಯ) ಕಡ್ಡಿ ಸಾಕು. ನನಗೆ ಒಂದು ಇಡೀ ಮಧ್ಯಾಹ್ನ ಬೇಕಾಯಿತು. ಅಂಗಡಿಯಿಂದ ತಂದ ಸಣ್ಣ ಕಣ್ಣಿನ ಜಾಲರಿ ಮುಂದೆ ಹಾಕಿಸಿದ್ದರೆ ಅದನ್ನೂ ತೆಗೆಯಿರಿ. ಕಲ್ಲು ತಡೆಯಲಿಕ್ಕೆ ದೊಡ್ಡ ಕಣ್ಣಿನದ್ದೇ ಸಾಕಾಗುತ್ತದೆ.

ಆಮೇಲೆ ಫ್ಯಾನ್. ಬೈಕನ್ನು ಅಂಗಳದಲ್ಲಿ ನಿಲ್ಲಿಸಿ ಐಡಲಿನಲ್ಲಿ ಬಿಡಿ. ಸಾಮಾನ್ಯವಾಗಿ ಕೂಲೆಂಟ್ 100 ಡಿಗ್ರಿಯ ಆಸುಪಾಸಿಗೆ ಬಂದಾಗ ಫ್ಯಾನ್ ತಿರುಗಲು ಶುರುವಾಗಬೇಕು. ತಿರುಗದಿದ್ದರೆ ಫ್ಯೂಸ್ ನೋಡಿ. ಫ್ಯೂಸ್ ಸರಿ ಇದ್ದರೆ ಎಂಜಿನ್ ಬಂದ್ ಮಾಡಿ, ಫ್ಯಾನಿನ ಕನೆಕ್ಟರ್ ಕಳಚಿ, ಬ್ಯಾಟರಿಯಿಂದ ನೇರ 12 ವೋಲ್ಟ್ ಕೊಡಿ. ಆಗ ತಿರುಗಿದರೆ ದೋಷ ರಿಲೇಯಲ್ಲಿ, ಸೆನ್ಸರಿನಲ್ಲಿ ಅಥವಾ ವಯರಿನಲ್ಲಿ. ತಿರುಗದಿದ್ದರೆ ದೋಷ ಮೋಟಾರಿನಲ್ಲೇ, ಕೆಸರು ಹೊಕ್ಕಿರಬಹುದು. ತಿರುಗುವ ಫ್ಯಾನನ್ನೂ ಹಾಗೇ ನಂಬಬೇಡಿ. ರೇಡಿಯೇಟರಿನ ಮುಂದೆ ಕಾಗದದ ಚೂರು ಹಿಡಿಯಿರಿ, ಒಳಕ್ಕೆ ಎಳೆದು ಅಂಟಿಕೊಳ್ಳಬೇಕು. ಹೊರಕ್ಕೆ ಹಾರಿದರೆ ಯಾರೋ ವಯರ್ ತಿರುವುಮುರುವು ಜೋಡಿಸಿದ್ದಾರೆ.

ಉಕ್ಕುವುದಕ್ಕೆ ಇನ್ನೊಂದು ದೊಡ್ಡ ಕಾರಣ ರೇಡಿಯೇಟರ್ ಕ್ಯಾಪ್. ಅದನ್ನು ಬರೀ ಮುಚ್ಚಳ ಅಂದುಕೊಳ್ಳಬೇಡಿ, ಒಳಗೆ ಪ್ರೆಶರ್ ಹಿಡಿದಿಡುವ ವಾಲ್ವ್ ಅದು. ನೀರು, ಕೂಲೆಂಟ್ ಅರ್ಧಕ್ಕರ್ಧ ಇದ್ದಾಗ ತೆರೆದ ಪಾತ್ರೆಯಲ್ಲಿ 107 ಡಿಗ್ರಿಯ ಹತ್ತಿರ ಕುದಿಯುತ್ತದೆ. ಮೇಲೆ 1.1 ಬಾರ್ ಹಿಡಿಯುವ ಕ್ಯಾಪ್ ಇದ್ದರೆ 125 ಡಿಗ್ರಿ ದಾಟುವವರೆಗೂ ಕುದಿಯುವುದಿಲ್ಲ. ಕ್ಯಾಪಿನ ರಬ್ಬರ್ ಗಟ್ಟಿಯಾಗಿ ಬಿರುಕು ಬಿಟ್ಟರೆ ಆ ಲಾಭ ಪೂರ್ತಿ ಹೋಗುತ್ತದೆ, ಎಂಜಿನ್ ಅಷ್ಟೇನೂ ಬಿಸಿಯಾಗದಿದ್ದರೂ ಉಕ್ಕುತ್ತದೆ. ಅದೇ ನಂಬರಿನ ಹೊಸ ಕ್ಯಾಪ್ ಹಾಕಿ. ಹೆಚ್ಚು ಪ್ರೆಶರಿನದ್ದು ಹಾಕಿದರೆ ಹೋಸ್, ಸೀಲ್ ಬಿಟ್ಟುಕೊಳ್ಳಬಹುದು.

ಎರಡು ಸಲ ಕೂಲೆಂಟ್ ಬದಲಿಸಿದ್ದೀರಲ್ಲ, ಒಳಗೆ ಗಾಳಿ ಸಿಕ್ಕಿಕೊಂಡಿರುವ ಸಾಧ್ಯತೆಯೂ ಉಂಟು. ಎಂಜಿನ್ ತಣ್ಣಗಿರುವಾಗ ಬೈಕನ್ನು ಏರಿಗೆ ಮುಖ ಮಾಡಿ ನಿಲ್ಲಿಸಿ, ಕ್ಯಾಪ್ ಎಲ್ಲಕ್ಕಿಂತ ಮೇಲಿರಬೇಕು. ಕ್ಯಾಪ್ ತೆಗೆದು ಸ್ಟಾರ್ಟ್ ಮಾಡಿ, ಹೋಸುಗಳನ್ನು ಕೈಯಲ್ಲಿ ಹಿಂಡುತ್ತ ಹೋಗಿ. ಗುಳ್ಳೆ ಬಂದು ಮಟ್ಟ ಇಳಿಯುತ್ತದೆ, ತುಂಬಿಸಿ, ಹೋಸ್ ಕೈ ಸುಡುವ ಮೊದಲೇ ಕ್ಯಾಪ್ ಮುಚ್ಚಿ. ಬ್ಲೀಡ್ ಸ್ಕ್ರೂ ಇದ್ದರೆ ಅದನ್ನೂ ಬಿಚ್ಚಿ ಗಾಳಿ ತೆಗೆಯಿರಿ.

ಯಾವ ಕೂಲೆಂಟ್ ಹಾಕಿದಿರಿ ಅಂತ ಬರೆದಿಲ್ಲ. ಕಾನ್ಸಂಟ್ರೇಟ್ ಬಾಟಲಿಯನ್ನು ನೀರು ಸೇರಿಸದೆ ಹಾಗೇ ಸುರಿದಿದ್ದರೆ ಅದೂ ತೊಂದರೆಯೇ. ಕೂಲೆಂಟಿನಲ್ಲಿರುವ ಗ್ಲೈಕಾಲ್ ಎಂಬ ದ್ರವ ಬಿಸಿಯನ್ನು ಹೊರುವುದು ನೀರಿನ ಸುಮಾರು ಶೇ. 60ರಷ್ಟು ಮಾತ್ರ. ನಮ್ಮಲ್ಲಿ ನೀರು ಹೆಪ್ಪುಗಟ್ಟುವ ಭಯ ಇಲ್ಲ, ಹಾಗಾಗಿ ಅರ್ಧಕ್ಕಿಂತ ಹೆಚ್ಚು ಕೂಲೆಂಟ್ ಬೇಡವೇ ಬೇಡ. ಮೂರನೇ ಒಂದು ಪಾಲಿಗಿಂತ ಕಡಿಮೆಯೂ ಬೇಡ, ತುಕ್ಕು ತಡೆಯುವ ಅಂಶ ಸಾಲದಾಗುತ್ತದೆ. ಸೇರಿಸುವ ನೀರು ಡಿಸ್ಟಿಲ್ಡ್ ಆಗಿರಲಿ. ಬೋರಿನ ನೀರಿನಲ್ಲಿ ಪದರ ಕಟ್ಟುತ್ತದೆ. ಗುಡ್ಡದಲ್ಲಿ ಸಿಕ್ಕಿಬಿದ್ದರೆ ಸುರಂಗದ (ನೀರಿಗಾಗಿ ಗುಡ್ಡಕ್ಕೆ ಅಡ್ಡಕ್ಕೆ ಕೊರೆದ ದಾರಿಯ) ನೀರು ಹಾಕಿ ಮನೆಗೆ ಬನ್ನಿ, ಮರುದಿನ ಪೂರ್ತಿ ತೆಗೆದು ಹೊಸತು ತುಂಬಿಸಿ.

ಇಷ್ಟೆಲ್ಲ ಸರಿ ಇದ್ದೂ ಕುದಿಯುವುದಾದರೆ ನಿಮ್ಮ ಎಡಗೈಯನ್ನು ಗಮನಿಸಿ. ಏರಿನಲ್ಲಿ ಫಸ್ಟ್ ಗೇರ್, ಅರ್ಧ ಕ್ಲಚ್, ಜೋರು ಆಕ್ಸಿಲರೇಟರ್, ಹೀಗೆ ಐದು ನಿಮಿಷ ಹೋದರೆ ಕ್ಲಚ್ ಪ್ಲೇಟುಗಳ ಉಜ್ಜಾಟದ ಬಿಸಿ ಎಲ್ಲ ಎಂಜಿನ್ ಆಯಿಲಿಗೇ ಸೇರುತ್ತದೆ. ಕ್ಲಚ್ ಪೂರ್ತಿ ಬಿಟ್ಟು ಹೋಗಲಿಕ್ಕೆ ಗೇರ್ ಎತ್ತರ ಅನಿಸಿದರೆ ಮುಂದಿನ ಸ್ಪ್ರಾಕೆಟನ್ನು (ಚೈನ್ ಓಡಿಸುವ ಹಲ್ಲುಚಕ್ರ) ಒಂದು ಹಲ್ಲು ಕಡಿಮೆಯದ್ದು ಹಾಕಿ. ನಾನು ಹಾಗೆ ಮಾಡಿದ ಮೇಲೆ ಏರಿನಲ್ಲಿ ಕ್ಲಚ್ ಮುಟ್ಟುವುದೇ ಅಪರೂಪ. ಹೈವೇಯಲ್ಲಿ ಎಂಜಿನ್ ಸ್ವಲ್ಪ ಹೆಚ್ಚು ಕೂಗುತ್ತದೆ, ಅದಕ್ಕೆ ನನ್ನ ತಕರಾರಿಲ್ಲ.

ಗ್ಯಾಸ್ಕೆಟ್ ಹೋಗಿದ್ದರೆ ಬೇರೆ ಗುರುತುಗಳು ಇರುತ್ತವೆ. ಗಾಳಿ ಪೂರ್ತಿ ತೆಗೆದ ಮೇಲೂ ರೇಡಿಯೇಟರಿನಲ್ಲಿ ಗುಳ್ಳೆ ನಿಲ್ಲದೆ ಬರುವುದು, ಎಂಜಿನ್ ಬಿಸಿಯಾದ ಮೇಲೂ ಸೈಲೆನ್ಸರಿನಿಂದ ಸಿಹಿ ವಾಸನೆಯ ಬಿಳಿ ಹೊಗೆ, ಆಯಿಲ್ ಹಾಲು ಹಾಕಿದ ಚಹಾದ ಬಣ್ಣಕ್ಕೆ ತಿರುಗುವುದು. ಮಳೆಗಾಲದಲ್ಲಿ ಆಯಿಲ್ ಮುಚ್ಚಳದ ಒಳಗೆ ಸ್ವಲ್ಪ ಬಿಳಿ ಕೆನೆ ಕಂಡರೆ ಹೆದರಬೇಡಿ, ಅದು ಥಂಡಿಯ ನೀರು.

ಮತ್ತೆ ಗುಡ್ಡದಲ್ಲಿ ದೀಪ ಉರಿದರೆ: ಕೂಲೆಂಟ್ ಉಕ್ಕದಿದ್ದರೆ ಗಾಳಿಗೆ ಮುಖ ಮಾಡಿ ನಿಲ್ಲಿಸಿ ಐಡಲಿನಲ್ಲೇ ಬಿಡಿ, ಪಂಪೂ ಫ್ಯಾನೂ ಓಡುತ್ತಿರಲಿ. ಎರಡು ನಿಮಿಷದಲ್ಲಿ ದೀಪ ಆರದಿದ್ದರೆ, ಇಲ್ಲವೇ ಉಕ್ಕಲು ಶುರುವಾದರೆ ಕೂಡಲೇ ಬಂದ್ ಮಾಡಿ. ಬಿಸಿ ಎಂಜಿನ್ನಿಗೆ ತಣ್ಣೀರು ಎರಚಬೇಡಿ. ಕ್ಯಾಪನ್ನು ಅರ್ಧ ಗಂಟೆಯಾದರೂ ಮುಟ್ಟಬೇಡಿ. ಅವಸರ ಮಾಡಿ ತೆಗೆದ ಗುರುತು ನನ್ನ ಮಣಿಕಟ್ಟಿನಲ್ಲಿ ಇನ್ನೂ ಉಂಟು. ತೆಗೆದ ಹಳೆ ಕೂಲೆಂಟನ್ನು ಅಂಗಳಕ್ಕೋ ತೋಡಿಗೋ ಚೆಲ್ಲಬೇಡಿ, ಸಿಹಿ ಇರುವುದರಿಂದ ನಾಯಿಗಳು ನೆಕ್ಕುತ್ತವೆ, ಸ್ವಲ್ಪ ಹೊಟ್ಟೆಗೆ ಹೋದರೂ ಸಾಯುತ್ತವೆ.

ಟಾರ್ಚ್ ಪರೀಕ್ಷೆಯಲ್ಲಿ ಏನು ಕಂಡಿತು, ಫ್ಯಾನ್ ಎಷ್ಟು ನಿಮಿಷಕ್ಕೆ ತಿರುಗಿತು, ಈ ಎರಡನ್ನು ಬರೆಯಿರಿ. ಮುಂದೇನು ಅಂತ ಆಮೇಲೆ ನೋಡುವ.