ಡಿಸೆಂಬರ್‌ನ ಧನಬಾದ್, ಆಗಸ್ಟ್‌ನ ಧನಬಾದ್

ದಾವಣಗೆರೆಯ ಓದುಗರೊಬ್ಬರು ಬರೆದಿದ್ದಾರೆ: "ಮಗ ಜಾರ್ಖಂಡ್‌ನ ಧನಬಾದ್‌ನಲ್ಲಿ ಕೆಲಸದಲ್ಲಿದ್ದಾನೆ. ಡಿಸೆಂಬರ್‌ನಲ್ಲಿ ಹೋದಾಗ ಬೆಳಗ್ಗೆ ಕಿಟಕಿ ತೆಗೆದರೆ ಹೊಗೆ, ಕಣ್ಣುರಿ. ಆಗಸ್ಟ್‌ನಲ್ಲಿ ಹೋದರೆ ಆಕಾಶ ತೊಳೆದಿಟ್ಟ ಹಾಗಿತ್ತು. ಚಳಿಗಾಲದಲ್ಲಿ ಗಣಿ ಕೆಲಸ ಜಾಸ್ತಿಯೇ, ಅಥವಾ ಇದು ಹವೆಯ ಆಟವೇ? ಮಗ ಬೆಳಗಿನ ವಾಕಿಂಗ್ ಬಿಡಬೇಕೇ?"

ಎರಡೂ ಹೌದು. ಆದರೆ ಹವೆಯ ಪಾಲೇ ದೊಡ್ಡದು.

ಮಾರ್ಗಶಿರದ ಚಳಿಯಲ್ಲಿ ಹಳ್ಳಿಮನೆಯ ಬಚ್ಚಲ ಒಲೆಯ ಹೊಗೆ ನೋಡಿದ್ದೀರಲ್ವಾ? ಹೆಂಚು ದಾಟಿ ತೆಂಗಿನ ಮರದೆತ್ತರಕ್ಕೆ ಏರುತ್ತದೆ. ಆಮೇಲೆ ಮೇಲೆ ಹೋಗದೆ ಅಡ್ಡಡ್ಡ ಹರಡಿಕೊಳ್ಳುತ್ತದೆ. ರಾತ್ರಿ ನೆಲ ಬೇಗ ತಣ್ಣಗಾಗಿ, ಅದಕ್ಕೆ ತಾಗಿದ ಗಾಳಿಯೂ ತಣ್ಣಗಾಗಿರುತ್ತದೆ. ಮೇಲಿನ ಪದರ ಬೆಚ್ಚಗೇ ಇರುತ್ತದೆ. ತಣ್ಣನೆ ಗಾಳಿ ಭಾರ, ಏಳುವುದಿಲ್ಲ. ಪಾತ್ರೆಗೆ ಮುಚ್ಚಳ ಬಿತ್ತು ಅನ್ನಿ. ಧನಬಾದ್‌ನಲ್ಲಿ, ಅದರ ಪಕ್ಕದ ಕಲ್ಲಿದ್ದಲು ಗಣಿಗಳ ಊರು ಝರಿಯಾದಲ್ಲಿ ಆ ಮುಚ್ಚಳದ ಕೆಳಗೆ ಏನೇನಿದೆ! ತೆರೆದ ಗಣಿಯ ಧೂಳು, ಡಂಪರ್‌ಗಳ ಹೊಗೆ, ಚಹಾ ಅಂಗಡಿಯ ಕಲ್ಲಿದ್ದಲು ಒಲೆ, ಚಳಿ ಕಾಯಿಸುವ ಬೆಂಕಿ. ಜೊತೆಗೆ ಝರಿಯಾದ ನೆಲದೊಳಗಿನ ಕಲ್ಲಿದ್ದಲಿಗೆ ಹತ್ತಿದ ಬೆಂಕಿ. ಅದು ಮೊದಲು ದಾಖಲಾದದ್ದು 1916ರಲ್ಲಿ, ಇನ್ನೂ ಪೂರ್ತಿ ಆರಿಲ್ಲ. ಗಣಿಯ ಗುಂಡಿಯಂತೂ ಬಾಣಲೆಯಿದ್ದ ಹಾಗೆ. ತಣ್ಣನೆ ಗಾಳಿ ತಳಕ್ಕಿಳಿದು ಕೂರುತ್ತದೆ. ಆಳುಗಳು ದುಡಿಯುವುದೂ ಅಲ್ಲೇ.

ಗಣಿ ಕೆಲಸದ ಪಾಲೂ ಇದೆ. ಮಳೆಗಾಲದಲ್ಲಿ ಗುಂಡಿಗೆ ನೀರು ನುಗ್ಗಿ, ದಾರಿ ಕೆಸರಾಗಿ ಉತ್ಪಾದನೆ ಇಳಿಯುತ್ತದೆ. ಮಾರ್ಚ್ 31ಕ್ಕೆ ವರ್ಷದ ಗುರಿ ಮುಟ್ಟಬೇಕಲ್ಲ, ಚಳಿಗಾಲದಲ್ಲಿ ಭರಾಟೆ ಏರುತ್ತದೆ. ಗಾಳಿ ಅಲುಗಾಡದ ತಿಂಗಳಲ್ಲೇ ಕೆಲಸವೂ ಜೋರು.

ಆಗಸ್ಟ್‌ನ ಆಕಾಶ ನೋಡಿ ಮೋಸ ಹೋಗಬೇಡಿ. ಮಳೆ ಧೂಳನ್ನು ಕೆಳಗಿಳಿಸುತ್ತದೆ, ಅಷ್ಟೇ. ಎಲೆ, ಸೂರು, ರಸ್ತೆಬದಿಯಲ್ಲಿ ಕೂತದ್ದು ಒಣಗಿದ ಮೇಲೆ ಲಾರಿ ಚಕ್ರಕ್ಕೆ ಸಿಕ್ಕಿ ಮತ್ತೆ ಏಳುತ್ತದೆ. ಬೆಂಕಿ ಇರುವ ಕಡೆ ಮಳೆನೀರು ಬಿರುಕಿಗಿಳಿದು ಹಬೆಯಾಗಿ ಹೊರಬರುತ್ತದೆ, ಗಂಧಕದ ವಾಸನೆ ಹೊತ್ತುಕೊಂಡು. ನೆಲ ಕುಸಿಯುವ ಭಯವೂ ಆಗ ಜಾಸ್ತಿ. ಊರೊಳಗಿನ ಮನೆಯ ಕಿಟಕಿಯಿಂದ ಇದೆಲ್ಲ ಕಾಣುವುದಿಲ್ಲ.

ಬೇಸಿಗೆಯದು ಬೇರೆ ಕತೆ. ಬಿಸಿಗಾಳಿ ಮಣ್ಣಿನ ಗುಡ್ಡೆಗಳಿಂದ ದಪ್ಪ ಧೂಳೆಬ್ಬಿಸುತ್ತದೆ, ಟ್ಯಾಂಕರ್ ಚಿಮುಕಿಸಿದ ನೀರು ನೋಡನೋಡುತ್ತಲೇ ಆರುತ್ತದೆ. ಆದರೆ ಗಾಳಿ ಅದನ್ನು ದೂರ ಚದುರಿಸುತ್ತದೆ ಕೂಡ. ಶ್ವಾಸಕೋಶದ ಆಳಕ್ಕೆ ಇಳಿಯುವ ಸಣ್ಣ ಕಣ, ಅಂದರೆ ಪಿಎಂ 2.5, ದಟ್ಟವಾಗುವುದು ಚಳಿಯಲ್ಲೇ. ನಮ್ಮ ದೇಶದ ಮಿತಿ ಘನಮೀಟರಿಗೆ ದಿನದ ಸರಾಸರಿ 60 ಮೈಕ್ರೋಗ್ರಾಂ.

ನೀವು ಕೇಳದ ಮಾತೊಂದು. ಗಣಿಗೆ ಪರಿಸರ ಅನುಮತಿ ಕೇಳುವವರು ಸಾಮಾನ್ಯವಾಗಿ ಮಳೆಗಾಲ ಬಿಟ್ಟು ಒಂದೇ ಋತುವಿನ ಗಾಳಿ ಅಳೆದುಕೊಟ್ಟರೆ ಸಾಕು. ಮಳೆಗಾಲ ಬಿಟ್ಟದ್ದೇನೋ ಸರಿ. ಆದರೆ ಏಪ್ರಿಲ್‌ನ ಗಾಳಿ, ಜನವರಿಯ ಗಾಳಿ ಒಂದೇ ಏನು? ತಿಂಗಳು ಹೇಳದ ಅಂಕಿಯನ್ನು ನಾನಂತೂ ನಂಬುವುದಿಲ್ಲ.

ಇನ್ನು ವಾಕಿಂಗ್. ಬಿಡುವುದು ಬೇಡ, ಹೊತ್ತು ಬದಲಿಸಲಿ. ನವೆಂಬರ್‌ನಿಂದ ಫೆಬ್ರವರಿವರೆಗೆ ನಸುಕಿನಲ್ಲಿ ಹೊರಡದಿರಲಿ. ಬಿಸಿಲೇರಿ ನೆಲ ಕಾದ ಮೇಲೆ ಮುಚ್ಚಳ ತೆರೆಯುತ್ತದೆ, ಮಧ್ಯಾಹ್ನ ಎರಡು–ಮೂರರ ಹೊತ್ತು ವಾಸಿ. ಕೆಲಸದ ದಿನ ಅದಾಗದಿದ್ದರೆ ಮನೆಯೊಳಗೇ ನಾಲ್ಕು ಸೂರ್ಯನಮಸ್ಕಾರ ಹಾಕಲಿ. ಸಂಜೆ ಒಲೆ ಹಚ್ಚುವ ಹೊತ್ತಂತೂ ಬೇಡವೇ ಬೇಡ.

— ಸಂಪಾದಕ