‘ಒಥೆಲೋ’ ನಾಟಕದ ಗಂಡಸರು ಹೆಂಗಸರನ್ನು ಹೇಗೆ ನಡೆಸಿಕೊಳ್ಳುತ್ತಾರೆ?

ತಮ್ಮ ಸ್ವತ್ತಿನ ಹಾಗೆ. ಷೇಕ್ಸ್‌ಪಿಯರ್‌ನ ಈ ನಾಟಕದಲ್ಲಿ ಡೆಸ್ಡೆಮೋನಾ ಸೇನಾಪತಿ ಒಥೆಲೋನನ್ನು ತಾನಾಗಿ ಮೆಚ್ಚಿ ಮದುವೆಯಾದರೂ ಅಪ್ಪ ‘ಮಗಳನ್ನು ಕದ್ದರು’ ಎಂದು ಕೂಗಾಡುತ್ತಾನೆ. ಅಪ್ಪನಿಗೆ ಮೋಸ ಮಾಡಿದವಳು ನಿನಗೂ ಮಾಡಿಯಾಳು ಎಂದು ಅಳಿಯನಿಗೆ ಚುಚ್ಚುತ್ತಾನೆ. ಒಥೆಲೋನ ಕೈಕೆಳಗಿದ್ದುಕೊಂಡೇ ಅವನನ್ನು ದ್ವೇಷಿಸುವ ಇಯಾಗೋ ಆಮೇಲೆ ಇದೇ ಮಾತನ್ನು ಬಳಸಿಕೊಂಡು, ಡೆಸ್ಡೆಮೋನಾಗೆ ಕ್ಯಾಸಿಯೋ ಜೊತೆ ಸಂಬಂಧವಿದೆ ಎಂಬ ಸಂಶಯ ಹುಟ್ಟಿಸುತ್ತಾನೆ. ಅದನ್ನು ನಂಬಲು ಒಥೆಲೋಗೆ ಸ್ಟ್ರಾಬೆರಿ ಕಸೂತಿಯ ಒಂದು ಕರ್ಚೀಫು ಸಾಕಾಗುತ್ತದೆ, ಹೆಂಡತಿಯ ಮಾತು ಸಾಲುವುದಿಲ್ಲ. ವೆನಿಸ್‌ನಿಂದ ಬಂದವರ ಎದುರೇ ಅವಳಿಗೆ ಹೊಡೆಯುತ್ತಾನೆ.

ಒಥೆಲೋನ ಸಹಾಯಕ ಅಧಿಕಾರಿ ಕ್ಯಾಸಿಯೋ ಸಭ್ಯಸ್ಥ ಅನಿಸುತ್ತದೆ, ಅಲ್ವಾ? ಆದರೆ ತನ್ನನ್ನು ಮೆಚ್ಚಿದ ಬಿಯಾಂಕಾಳನ್ನು ಬೆನ್ನ ಹಿಂದೆ ಆಡಿಕೊಂಡು ನಗುತ್ತಾನೆ.

ನನ್ನನ್ನು ಜಾಸ್ತಿ ಕಾಡುವವಳು ಡೆಸ್ಡೆಮೋನಾಳ ಸಖಿ ಎಮಿಲಿಯಾ. ಹೆಂಡತಿಯರಿಗೂ ಗಂಡಂದಿರ ಹಾಗೆಯೇ ಆಸೆ, ಸಿಟ್ಟು ಇರುತ್ತವೆ ಎಂದು ನೇರವಾಗಿ ಹೇಳುವವಳು ಅವಳು. ಕೊನೆಯಲ್ಲಿ ಈ ಸಂಚಿನ ನಿಜ ಬಿಚ್ಚಿಡಲು ಹೊರಟಾಗ ಗಂಡ ಇಯಾಗೋ ‘ಮನೆಗೆ ನಡಿ’ ಎಂದು ಗದರುತ್ತಾನೆ. ಅವಳು ಸುಮ್ನಿರುವುದಿಲ್ಲ. ಅವನು ಅವಳನ್ನು ಅಲ್ಲೇ ಇರಿದು ಓಡುತ್ತಾನೆ.